ಮ್ಯಾಕ್ರೋ ಲೆನ್ಸಿನ ಮಿಲಿಮೀಟರ್ ಲೆಕ್ಕ

ಹುಳು-ಹುಪ್ಪಟೆ, ಹೂವಿನ ಕೇಸರ, ಬಂಡೆಗಂಟಿದ ಪಾಚಿ ಇಂಥವುಗಳ ಫೋಟೊ ತೆಗೆಯಲು ಮನಸ್ಸು ಮಾಡಿದವರು ಮೊದಲು ಕೇಳುವುದು ‘ಎಷ್ಟು ಎಂಎಂ ಲೆನ್ಸ್ ತಗೊಳ್ಳಲಿ?’ ಎಂದು. ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. 60 ಮಿ.ಮೀ. ಹೊಸಬರಿಗೆ, 100 ಪಳಗಿದವರಿಗೆ, 180 ಸಿಕ್ಕರೆ ಎರಡು ಮಾತೇ ಇಲ್ಲ. ದುಡ್ಡು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಉದ್ದದ್ದನ್ನೇ ಕೊಳ್ಳಿ. ಕಾರಣ ಕೇಳಿದರೆ ನಾಲ್ಕು ಬರುತ್ತವೆ: ಉದ್ದದ ಲೆನ್ಸಿನಲ್ಲಿ ವಸ್ತು ದೊಡ್ಡದಾಗಿ ಬರುತ್ತದೆ, ಡೆಪ್ತ್ ಆಫ್ ಫೀಲ್ಡ್ ಕಡಿಮೆಯಾಗಿ ಹಿನ್ನೆಲೆ ಕರಗುತ್ತದೆ, ದೂರ ನಿಂತು ತೆಗೆಯಬಹುದು, ಚಿತ್ರ ಹೆಚ್ಚು ಶಾರ್ಪ್ ಆಗಿರುತ್ತದೆ. ಇವುಗಳಲ್ಲಿ ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸರಿ, ನಾಲ್ಕನೆಯದು ಲೆನ್ಸ್ ಆಯ್ಕೆಗೆ ಸಂಬಂಧಪಡದ ಮಾತು. ಮೂರನೆಯದು ನಿಜ, ಆದರೆ ಅಂದುಕೊಂಡಷ್ಟಲ್ಲ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಒಪ್ಪಬೇಕು. ನಮ್ಮಲ್ಲಿ ಅನೇಕರು ಮ್ಯಾಕ್ರೋಗೆ ಬರುವುದು ಹಕ್ಕಿಗಳ ಫೋಟೊಗ್ರಫಿಯ ದಾರಿಯಿಂದ. ರಂಗನತಿಟ್ಟಿನ ದೋಣಿಯಲ್ಲಿ ಕೂತು 300 ಮಿ.ಮೀ. ಲೆನ್ಸಿನಲ್ಲಿ ಬಣ್ಣದ ಕೊಕ್ಕರೆಯನ್ನು ನೋಡಿದವರಿಗೆ, ಪಕ್ಕದವರ 600ರಲ್ಲಿ ಅದೇ ಕೊಕ್ಕರೆ ಎರಡು ಪಟ್ಟು ದೊಡ್ಡದಾಗಿ ಕಾಣುವುದು ಅನುಭವಕ್ಕೆ ಬಂದ ಸತ್ಯ. ಬೆಲೆಯೂ ಅದಕ್ಕೆ ತಾಳ ಹಾಕುತ್ತದೆ. ಡಿಎಸ್ಎಲ್ಆರ್ ಕಾಲದಲ್ಲಿ ಕ್ಯಾನನ್ 60, 100, 180 ಎಂದೂ ನಿಕಾನ್ 60, 105, 200 ಎಂದೂ ಮ್ಯಾಕ್ರೋ ಲೆನ್ಸ್‌ಗಳನ್ನು ಸಾಲಾಗಿ ನಿಲ್ಲಿಸಿದ್ದವು. ಸಾಲಿನ ಕೊನೆಗೆ ಹೋದಷ್ಟೂ ಬೆಲೆ ಏರುತ್ತಿತ್ತು. ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ಏನೋ ಸಿಗಲೇಬೇಕು ಎಂದುಕೊಳ್ಳುವುದು ಸಹಜ. ಉದ್ದದ ಲೆನ್ಸಿನಲ್ಲಿ ತೆಗೆದ ಚಿಟ್ಟೆಯ ಹಿಂದೆ ಹಸಿರು ನುಣ್ಣಗೆ ಹರಡಿಕೊಂಡಿರುವುದನ್ನು ಕಣ್ಣಾರೆ ಕಂಡಿದ್ದೇವೆ. ಇವೆಲ್ಲ ಸರಿಯಾದ ಗಮನಿಕೆಗಳೇ. ಅವುಗಳಿಂದ ಎಳೆದ ತೀರ್ಮಾನದಲ್ಲಿ ಗೊಂದಲವಿದೆ.

ವರ್ಧನೆಯಿಂದ ಶುರುಮಾಡೋಣ. ಮ್ಯಾಕ್ರೋ ಲೆನ್ಸಿನ ಮೇಲೆ 1:1 ಎಂದು ಬರೆದಿದ್ದರೆ, ಅದನ್ನು ಅತಿ ಹತ್ತಿರಕ್ಕೆ ಫೋಕಸ್ ಮಾಡಿದಾಗ ವಸ್ತುವಿನ ಬಿಂಬ ಸೆನ್ಸರ್ ಮೇಲೆ ವಸ್ತುವಿನಷ್ಟೇ ಗಾತ್ರದಲ್ಲಿ ಬೀಳುತ್ತದೆ ಎಂದರ್ಥ. ಮಲೆನಾಡಿನ ಮಾವು-ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ತೆಗೆದುಕೊಳ್ಳಿ. ದೊಡ್ಡ ಕೆಲಸಗಾರ ಇರುವೆ ಸುಮಾರು 9 ಮಿ.ಮೀ. ಉದ್ದವಿರುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. 1:1ರಲ್ಲಿ ಆ ಇರುವೆ ಚೌಕಟ್ಟಿನ ಅಗಲದ ಕಾಲು ಭಾಗ ತುಂಬುತ್ತದೆ. 60ರಲ್ಲಿ ತೆಗೆದರೂ ಕಾಲು ಭಾಗ, 100ರಲ್ಲೂ ಅಷ್ಟೇ, 180ರಲ್ಲೂ ಅಷ್ಟೇ. ದೋಣಿಯಲ್ಲಿ ಕೂತವನು ಕೊಕ್ಕರೆಯ ಹತ್ತಿರಕ್ಕೆ ಹೋಗಲಾರ, ಅವನ ದೂರ ನಿಶ್ಚಿತ. ಆದ್ದರಿಂದ ಅಲ್ಲಿ ಮಿಲಿಮೀಟರೇ ಗಾತ್ರವನ್ನು ನಿರ್ಧರಿಸುತ್ತದೆ. ಮ್ಯಾಕ್ರೋದಲ್ಲಿ ನಾವು ದೂರವನ್ನು ಬದಲಿಸಿಕೊಳ್ಳುತ್ತೇವೆ. ಬೇಕಾದ ಗಾತ್ರ ಬರುವವರೆಗೆ ಮುಂದಕ್ಕೆ ಬಾಗುತ್ತೇವೆ. ಒಂದೇ ಜಾಗದಿಂದ ನೋಡಿದಾಗ ಮಾತ್ರ ಸಲ್ಲುವ ನಿಯಮವನ್ನು ಜಾಗ ಬದಲಿಸುವ ಕಡೆಗೂ ಹೊತ್ತುಕೊಂಡು ಬಂದದ್ದು ಇಲ್ಲಿನ ತಪ್ಪು.

ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸಿಕ್ಕಿಸುವ ಟೊಳ್ಳು ಎಕ್ಸ್‌ಟೆನ್ಷನ್ ಟ್ಯೂಬಿನ ವಿಷಯಕ್ಕೆ ಬಂದರೆ ಈ ನಂಬಿಕೆ ತಲೆಕೆಳಗಾಗುತ್ತದೆ. ಟ್ಯೂಬಿನಿಂದ ಸಿಗುವ ವರ್ಧನೆ ಎಂದರೆ ಟ್ಯೂಬಿನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದಷ್ಟು. 25 ಮಿ.ಮೀ. ಟ್ಯೂಬು 50ರ ಲೆನ್ಸಿಗೆ ಅರ್ಧ ಪಟ್ಟು ವರ್ಧನೆ ಕೊಟ್ಟರೆ 100ರ ಲೆನ್ಸಿಗೆ ಕಾಲು ಪಟ್ಟು ಮಾತ್ರ ಕೊಡುತ್ತದೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸ್‌ಅಪ್ ಗಾಜಿನಲ್ಲಿ ಲೆಕ್ಕ ಮತ್ತೆ ಉಲ್ಟಾ: ಅಲ್ಲಿ ಲೆನ್ಸ್ ಉದ್ದವಾದಷ್ಟೂ ವರ್ಧನೆ ಹೆಚ್ಚು. ಒಟ್ಟಿನಲ್ಲಿ ಮಿಲಿಮೀಟರಿಗೂ ವರ್ಧನೆಗೂ ಇರುವ ನಂಟು ನಾವು ಬಳಸುವ ಉಪಾಯವನ್ನು ಅವಲಂಬಿಸಿದೆ. ಸ್ವತಂತ್ರ ಮ್ಯಾಕ್ರೋ ಲೆನ್ಸಿನಲ್ಲಿ ಅಂಥ ನಂಟೇ ಇಲ್ಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ ಲೆನ್ಸ್ ‘1.5 ಪಟ್ಟು ಮ್ಯಾಕ್ರೋ’ ಆಗುತ್ತದೆ ಎಂಬ ಮಾತೂ ಇದೇ ಜಾತಿಯದು. ಅಲ್ಲಿಯೂ ಇರುವೆಯ ಬಿಂಬ 9 ಮಿ.ಮೀ.ಯೇ. ಸುತ್ತಲಿನ ಚೌಕಟ್ಟು ಚಿಕ್ಕದಾಗಿರುತ್ತದೆ, ಅಷ್ಟೇ.

ಎರಡನೆಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಉದ್ದದ ಲೆನ್ಸಿನಲ್ಲಿ ಡೆಪ್ತ್ ಆಫ್ ಫೀಲ್ಡ್ ಕಡಿಮೆ ಎಂಬುದು ಸಾಮಾನ್ಯ ಫೋಟೊಗ್ರಫಿಯ ಪಾಠ. ಮತ್ತೆ ಅದೇ ಷರತ್ತು, ನಿಂತಲ್ಲೇ ನಿಂತಿದ್ದರೆ. ಹತ್ತಿರದ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪವನ್ನು ನಿರ್ಧರಿಸುವುದು ಎರಡೇ ಸಂಗತಿ: ವರ್ಧನೆ ಮತ್ತು ಅಪರ್ಚರ್. ಫೋಕಲ್ ಲೆಂತ್ ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಕಾಣೆಯಾಗುತ್ತದೆ. ಫುಲ್‌ಫ್ರೇಮಿಗೆ ರೂಢಿಯಲ್ಲಿರುವ 0.03 ಮಿ.ಮೀ. ಮಸುಕಿನ ಮಿತಿ ಇಟ್ಟುಕೊಂಡರೆ, 1:1ರಲ್ಲಿ ಎಫ್/8ಕ್ಕೆ ಸಿಗುವ ಪದರ ಸುಮಾರು 1 ಮಿ.ಮೀ. ಎಫ್/16ಕ್ಕೆ ಸುಮಾರು 2 ಮಿ.ಮೀ. ವರ್ಧನೆಯನ್ನು ಅರ್ಧಕ್ಕೆ ಇಳಿಸಿದರೆ ಎಫ್/8ರಲ್ಲೇ ಸುಮಾರು 3 ಮಿ.ಮೀ. ಆಗುತ್ತದೆ. ಚಗಳಿಯನ್ನು ಎದುರಿನಿಂದ ತೆಗೆಯುವಾಗ ಕಣ್ಣು ಸ್ಪಷ್ಟವಾಗಿದ್ದರೆ ಮುಂದಕ್ಕೆ ಚಾಚಿದ ಮೀಸೆಯ ತುದಿ ಮಸುಕಾಗುತ್ತದೆ, ಮೀಸೆ ಹಿಡಿದರೆ ಕಣ್ಣು ಹೋಗುತ್ತದೆ. ಲೆನ್ಸ್ ಬದಲಿಸಿದರೆ ಈ ಸಂಕಟ ತಪ್ಪುವುದಿಲ್ಲ. ‘100ರಲ್ಲಿ ಡೆಪ್ತ್ ಸಾಲಲ್ಲ, ಅದಕ್ಕೇ 60ಕ್ಕೆ ಬಂದೆ’ ಎನ್ನುವವರು ಗಮನಿಸಿದರೆ, 60ಕ್ಕೆ ಬಂದ ಮೇಲೆ ಅವರು ಸ್ವಲ್ಪ ಹಿಂದೆ ನಿಂತು, ಚಿಕ್ಕದಾಗಿ ತೆಗೆಯುತ್ತಿರುತ್ತಾರೆ. ಪದರ ದಪ್ಪಗಾದದ್ದು ಅದರಿಂದ.

‘ಹಾಗಾದರೆ ನನ್ನ 180ರ ಹಿನ್ನೆಲೆ ಅಷ್ಟು ನುಣ್ಣಗಿರುವುದು ಭ್ರಮೆಯೇ?’ ಎಂಬ ಆಕ್ಷೇಪ ಬರಬೇಕಾದದ್ದೇ. ಭ್ರಮೆಯಲ್ಲ. ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೇವೆ. ವಸ್ತುವಿನ ಆಸುಪಾಸು ಎಷ್ಟು ದಪ್ಪ ಸ್ಪಷ್ಟವಾಗಿದೆ ಎಂಬುದು ಒಂದು. ಬಹಳ ಹಿಂದಿರುವ ಗಿಡ, ಗೋಡೆ, ಆಕಾಶ ಎಷ್ಟು ಮಸುಕಾಗುತ್ತವೆ ಎಂಬುದು ಇನ್ನೊಂದು. ಮೊದಲನೆಯದು ಫೋಕಲ್ ಲೆಂತನ್ನು ಲೆಕ್ಕಕ್ಕಿಡುವುದಿಲ್ಲ, ಎರಡನೆಯದು ಇಡುತ್ತದೆ: ವರ್ಧನೆಯೂ ಅಪರ್ಚರೂ ಒಂದೇ ಆಗಿದ್ದರೆ ದೂರದ ಬಿಂದುವೊಂದು ಸೆನ್ಸರ್ ಮೇಲೆ ಬಿಡಿಸುವ ಮಸುಕಿನ ವೃತ್ತ ಫೋಕಲ್ ಲೆಂತ್‌ಗೆ ಅನುಗುಣವಾಗಿ ಹಿಗ್ಗುತ್ತದೆ. ಜೊತೆಗೆ ಉದ್ದದ ಲೆನ್ಸಿನ ನೋಟದ ಕೋನ ಕಿರಿದು. ಆದ್ದರಿಂದ ಹಿಂದಿನ ಲೋಕದ ಸಣ್ಣ ತುಂಡು ಮಾತ್ರ ಚೌಕಟ್ಟಿಗೆ ಬರುತ್ತದೆ. ಅಡ್ಡ ಬಂದ ಬಿಳಿ ಕಡ್ಡಿಯನ್ನು ತಪ್ಪಿಸಲು ಒಂದಿಂಚು ಸರಿದರೆ ಸಾಕು. ಇದು ಉದ್ದದ ಲೆನ್ಸಿನ ಅಸಲಿ ಗುಣ, ಅದನ್ನು ಬಯಸಿ ಹಣ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಗುಣವನ್ನು ಎಲ್ಲರೂ ಬಯಸಬೇಕೆಂದಿಲ್ಲ. ಜಂಬಿಟ್ಟಿಗೆ ನೆಲದ ಮೇಲೆ ಮಳೆಗಾಲದಲ್ಲಿ ಬೆಳೆಯುವ ಹುಳುತಿನ್ನುವ ಡ್ರೋಸೆರಾ ಗಿಡವನ್ನು ಅದರ ಬಯಲಿನ ಸಮೇತ ತೋರಿಸಬೇಕೆನ್ನುವವನಿಗೆ, ಆ ಬಯಲನ್ನು ಅಳಿಸಿಹಾಕುವ ಲೆನ್ಸ್ ಅನುಕೂಲಕ್ಕಿಂತ ಅಡ್ಡಿಯೇ ಹೆಚ್ಚು. ಅವನಿಗೆ ಗಿಡ್ಡ ಲೆನ್ಸೇ ಬೇಕು.

ಈಗ ದೂರದ ಮಾತು. ಉದ್ದದ ಮ್ಯಾಕ್ರೋ ಲೆನ್ಸಿಗೆ ಕೊಡುವ ಹಣದ ಬಹುಪಾಲು ನಿಜಕ್ಕೂ ಹೋಗುವುದು ಇದಕ್ಕೆ. ಆದರೆ ಕಂಪನಿಯ ವಿವರಪಟ್ಟಿಯಲ್ಲಿರುವ ‘ಕನಿಷ್ಠ ಫೋಕಸ್ ದೂರ’ವನ್ನು ಓದಿ ಮೋಸಹೋಗುವವರು ಬಹಳ. ಆ ದೂರವನ್ನು ಅಳೆಯುವುದು ಲೆನ್ಸಿನ ಮೂತಿಯಿಂದಲ್ಲ, ಕ್ಯಾಮೆರಾದೊಳಗಿನ ಸೆನ್ಸರಿನಿಂದ. ನಿಕಾನಿನ 40 ಮಿ.ಮೀ. ಡಿಎಕ್ಸ್ ಲೆನ್ಸಿನ ಕನಿಷ್ಠ ಫೋಕಸ್ ದೂರ 16.3 ಸೆಂ.ಮೀ. ಕೇಳಲು ಒಂದು ಗೇಣಿನಷ್ಟು. ಅದರಲ್ಲಿ ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಎಲ್ಲ ಕಳೆದರೆ 1:1ರಲ್ಲಿ ಗಾಜಿಗೂ ಹುಳುವಿಗೂ ನಡುವೆ ಉಳಿಯುವುದು ಮೂರೂವರೆ ಸೆಂ.ಮೀ. ಆಸುಪಾಸು. ಅಷ್ಟರಲ್ಲಿ ಲೆನ್ಸಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ. ಕ್ಯಾನನ್ನಿನ 60, 100, 180ರ ಕನಿಷ್ಠ ಫೋಕಸ್ ದೂರ ಕ್ರಮವಾಗಿ 20, 30, 48 ಸೆಂ.ಮೀ.; ಮೂತಿಯಿಂದ ಅಳೆದರೆ ಸುಮಾರು 9, 14, 24. ಹೋಲಿಸಬೇಕಾದದ್ದು ಈ ಎರಡನೆಯ ಸಾಲನ್ನು.

ಈ ಸಾಲಿನಲ್ಲಿ ಇನ್ನೊಂದು ವಿಚಿತ್ರವಿದೆ. 180 ಎಂದರೆ 60ರ ಮೂರು ಪಟ್ಟು. ಫೋಕಸ್ ದೂರ ಮಾತ್ರ ಮೂರು ಪಟ್ಟಾಗಿಲ್ಲ, ಎರಡೂವರೆಯನ್ನೂ ಮುಟ್ಟಿಲ್ಲ. ಸರಳ ಲೆನ್ಸೊಂದು 1:1ರಲ್ಲಿ ಕೆಲಸ ಮಾಡುವಾಗ ವಸ್ತುವಿನಿಂದ ಸೆನ್ಸರಿನವರೆಗಿನ ದೂರ ಫೋಕಲ್ ಲೆಂತ್‌ನ ನಾಲ್ಕು ಪಟ್ಟಿರಬೇಕು. ಅಂದರೆ 100ರ ಲೆನ್ಸಿಗೆ 40 ಸೆಂ.ಮೀ. ಇರಬೇಕಾಗಿತ್ತು, ಇರುವುದು 30. ಕಾರಣ, ಇಂದಿನ ಹೆಚ್ಚಿನ ಲೆನ್ಸ್‌ಗಳು ಹತ್ತಿರಕ್ಕೆ ಫೋಕಸ್ ಮಾಡುವಾಗ ಮೂತಿ ಉದ್ದ ಮಾಡುವುದಿಲ್ಲ. ಒಳಗಿನ ಗಾಜುಗಳು ಸರಿದಾಡುತ್ತವೆ, ಹಾಗೆ ಸರಿಯುವಾಗ ಫೋಕಲ್ ಲೆಂತ್ ಕುಗ್ಗುತ್ತದೆ. ಅಂದಾಜು ಲೆಕ್ಕದಲ್ಲಿ 1:1ಕ್ಕೆ ಬರುವ ಹೊತ್ತಿಗೆ 100ರ ಲೆನ್ಸ್ 75 ಆಗಿರುತ್ತದೆ, 180ರದ್ದು 120, 60ರದ್ದು 50. ಲೆನ್ಸಿನ ಮೇಲೆ ಬರೆದ ಅಂಕಿ ದೂರದ ಬೆಟ್ಟ ನೋಡುವಾಗ ಸರಿ. ಯಾವ ಕೆಲಸಕ್ಕೆಂದು ಅದನ್ನು ಕೊಂಡೆವೋ ಆ ಕೆಲಸದಲ್ಲಿ ಸರಿಯಲ್ಲ. ಇದನ್ನು ವಂಚನೆ ಎಂದು ನಾನು ಕರೆಯುವುದಿಲ್ಲ. ಮೂತಿ ಚಾಚದ ಲೆನ್ಸಿನಿಂದ ಹುಲ್ಲಿನ ನಡುವೆ ಆಗುವ ಉಪಕಾರ ದೊಡ್ಡದು. ಆದರೆ 100, 105, 90 ಎಂಬ ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದು ಮಾತ್ರ ವ್ಯರ್ಥ.

ಹಾಗಿದ್ದೂ 9 ಸೆಂ.ಮೀ.ಗಿಂತ 24 ಹೆಚ್ಚು ತಾನೆ? ಹೆಚ್ಚು. ಹೆಚ್ಚು ದೂರ ಯಾವಾಗಲೂ ಒಳ್ಳೆಯದು ಎಂಬ ಊಹೆಯನ್ನು ಮಾತ್ರ ಇಲ್ಲಿ ಪರೀಕ್ಷಿಸಬೇಕು.

1. ಬೆಳಕು ಮೊದಲು ಕೈಕೊಡುತ್ತದೆ. 1:1ರಲ್ಲಿ ಕೈಯಲ್ಲೇ ಹಿಡಿದು ಜೀವಂತ ಹುಳುವನ್ನು ತೆಗೆಯುವವರು ಫ್ಲ್ಯಾಶ್ ಬಳಸುತ್ತಾರೆ, ಅದರ ಮುಂದೆ ಡಿಫ್ಯೂಸರ್ ಕಟ್ಟುತ್ತಾರೆ, ಆ ಡಿಫ್ಯೂಸರ್ ಲೆನ್ಸಿನ ಮೂತಿಯ ಮೇಲೆ ಕೂತಿರುತ್ತದೆ. ಬೆಳಕು ಮೃದುವಾಗಿರುವುದು ಅದರ ಮೂಲ ಹುಳುವಿಗೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದರ ಮೇಲೆ. 15 ಸೆಂ.ಮೀ. ಅಗಲದ ಡಿಫ್ಯೂಸರ್ 9 ಸೆಂ.ಮೀ. ದೂರದಲ್ಲಿ ಸುಮಾರು 80 ಡಿಗ್ರಿ ಆವರಿಸುತ್ತದೆ, 24 ಸೆಂ.ಮೀ. ದೂರದಲ್ಲಿ 35 ಡಿಗ್ರಿ. ಮೊದಲನೆಯದರಲ್ಲಿ ಜೀರುಂಡೆಯ ಬೆನ್ನು ಮೋಡದ ದಿನದಂತೆ ಮೈದೋರುತ್ತದೆ. ಎರಡನೆಯದರಲ್ಲಿ ಅದೇ ಬೆನ್ನಿನ ಮೇಲೆ ಕಣ್ಣುಕುಕ್ಕುವ ಬಿಳಿ ಮಚ್ಚೆ. ಅಲ್ಲದೆ ಅಷ್ಟೇ ಬೆಳಕು ಮುಟ್ಟಿಸಲು ಫ್ಲ್ಯಾಶ್ ಸುಮಾರು ಏಳು ಪಟ್ಟು ಹೆಚ್ಚು ಉರಿಯಬೇಕು, ಅಂದರೆ ಒಂದು ಚಿತ್ರವಾದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಆ ಹೊತ್ತಿಗೆ ಇರುವೆ ಎಲೆಯ ಆಚೆ ಬದಿಯಲ್ಲಿರುತ್ತದೆ.

2. ದೂರ ಹೆಚ್ಚಾದಷ್ಟೂ ನಡುವೆ ಹುಲ್ಲು, ಕಡ್ಡಿ, ಜೇಡನ ಬಲೆಯ ಎಳೆ ಬರುತ್ತವೆ. ಪೊದೆಯೊಳಗೆ ನುಗ್ಗಿಸಬಹುದಾದ ಸಣ್ಣ ಲೆನ್ಸಿನ ಬೆಲೆ ಪೊದೆಯ ಮುಂದೆ ಕೂತಾಗ ಗೊತ್ತಾಗುತ್ತದೆ.

3. ಕೈನಡುಕದ ವಿಷಯದಲ್ಲಿ ಉದ್ದದ ಲೆನ್ಸ್ ಯಾವ ಮಟ್ಟಿಗೆ ಕೆಟ್ಟದ್ದು ಎಂಬುದರಲ್ಲೂ ತಪ್ಪು ಕಲ್ಪನೆಯಿದೆ. ಕ್ಯಾಮೆರಾ ಓರೆಯಾಗಿ ಅಲುಗಿದರೆ ಉದ್ದದ ಲೆನ್ಸಿನಲ್ಲಿ ಹಾನಿ ಹೆಚ್ಚು, ಸರಿ. ಆದರೆ 1:1ರ ಹತ್ತಿರ ದೊಡ್ಡ ಶತ್ರು ಇಡೀ ಮೈ ಹಿಂದೆ ಮುಂದೆ, ಅಕ್ಕಪಕ್ಕ ತೂಗುವುದು. ಹತ್ತರಲ್ಲೊಂದು ಮಿ.ಮೀ. ಪಕ್ಕಕ್ಕೆ ಸರಿದರೆ ಬಿಂಬವೂ ಅಷ್ಟೇ ಸರಿಯುತ್ತದೆ; 24 ಮೆಗಾಪಿಕ್ಸೆಲ್ ಫುಲ್‌ಫ್ರೇಮಿನಲ್ಲಿ ಅದು ಸುಮಾರು ಹದಿನೇಳು ಪಿಕ್ಸೆಲ್. ಇಲ್ಲಿ 60 ಆದರೂ ಒಂದೇ, 180 ಆದರೂ ಒಂದೇ. ಕ್ಯಾನನ್ 2009ರಲ್ಲಿ ಹೊರತಂದ 100 ಮಿ.ಮೀ. ಲೆನ್ಸಿನ ಸ್ಟೆಬಿಲೈಸೇಷನ್ ಈ ಅಡ್ಡ ಚಲನೆಯನ್ನೂ ತಡೆಯಲು ನೋಡುತ್ತದೆ. ದೂರದ ವಸ್ತುವಿಗೆ ನಾಲ್ಕು ಸ್ಟಾಪ್ ಅನುಕೂಲ ಎಂದು ಹೇಳಿಕೊಂಡ ಕಂಪನಿಯೇ 1:1ರಲ್ಲಿ ಎರಡೇ ಸ್ಟಾಪ್ ಎಂದು ಒಪ್ಪಿಕೊಂಡಿದೆ.

‘ಇದೆಲ್ಲ ಸರಿ, ಚಿಟ್ಟೆ ಹಾರಿಹೋಗುತ್ತದಲ್ಲ?’ ಇದು ಉದ್ದದ ಲೆನ್ಸಿನ ಪರವಾದ ಅತಿ ಬಲವಾದ ವಾದ, ಆದ್ದರಿಂದ ಅದನ್ನು ನಿಧಾನವಾಗಿ ನೋಡಬೇಕು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 150 ಮಿ.ಮೀ. ದಾಟುವುದುಂಟು. ಅದನ್ನು 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಸುತ್ತ ಸ್ವಲ್ಪ ಜಾಗ ಬಿಟ್ಟು ಕೂರಿಸಲು ವರ್ಧನೆ 1:5 ಇದ್ದರೆ ಸಾಕು. ಆ ವರ್ಧನೆಯಲ್ಲಿ 100ರ ಲೆನ್ಸಿನವನು ಸುಮಾರು 60 ಸೆಂ.ಮೀ. ದೂರದಲ್ಲಿರುತ್ತಾನೆ, 180ರವನು ಒಂದು ಮೀಟರಿಗಿಂತ ತುಸು ಆಚೆ. 1:1ರಲ್ಲಿ ಇಬ್ಬರ ನಡುವೆ ಇದ್ದ ಹತ್ತು ಸೆಂ.ಮೀ. ಅಂತರ ಇಲ್ಲಿ ಅರ್ಧ ಮೀಟರಿನ ಹತ್ತಿರ ಬಂದಿದೆ. ಕೊಂಬೆಯ ಮೇಲೆ ಸುರುಳಿ ಸುತ್ತಿ ಕೂತ ಮಲಬಾರ್ ಪಿಟ್ ವೈಪರ್ ಹಾವಿನ ಎದುರು ಆ ಅರ್ಧ ಮೀಟರಿನ ಅರ್ಥವೇ ಬೇರೆ. ಆದರೆ ಇಲ್ಲಿ ವಾದ ತನಗೆ ತಾನೇ ತಿರುಗಿಬೀಳುತ್ತದೆ. ಉದ್ದದ ಲೆನ್ಸ್ ನಿಜವಾಗಿ ಉಪಕಾರಿಯಾಗುವುದು ವರ್ಧನೆ ಕಡಿಮೆ ಇರುವಲ್ಲಿ. ವರ್ಧನೆ ಅಷ್ಟು ಕಡಿಮೆ ಸಾಕಾದರೆ ಮ್ಯಾಕ್ರೋ ಲೆನ್ಸೇ ಬೇಕಿಲ್ಲ. ಕ್ಯಾನನ್ನಿನ ಹಳೆಯ 300 ಮಿ.ಮೀ. ಎಫ್/4 ಐಎಸ್ ಒಂದೂವರೆ ಮೀಟರ್ ದೂರದಿಂದ 0.24 ಪಟ್ಟು, ಅಂದರೆ 1:4ರಷ್ಟು ವರ್ಧನೆ ಕೊಡುತ್ತದೆ. ಹಕ್ಕಿಗಾಗಿ ಕೊಂಡ 70-300 ಜೂಮ್ ಇದ್ದರೆ ಅದರ ಮುಂದೆ ಎರಡು ಡಯಾಪ್ಟರಿನ ಒಳ್ಳೆಯ ಕ್ಲೋಸ್‌ಅಪ್ ಗಾಜು, ಕ್ಯಾನನ್ 500ಡಿ ಅಂಥದ್ದು, ತಿರುಗಿಸಿದರಾಯಿತು. ಜೂಮನ್ನು 300ಕ್ಕೆ ಎಳೆದು ಅನಂತಕ್ಕೆ ಫೋಕಸ್ ಇಟ್ಟಾಗ 0.6 ಪಟ್ಟು ವರ್ಧನೆ, ವಸ್ತುವಿನಿಂದ ಗಾಜಿಗೆ ಅರ್ಧ ಮೀಟರ್ ದೂರ. ಯಾವ ಮ್ಯಾಕ್ರೋ ಲೆನ್ಸೂ ಆ ವರ್ಧನೆಯಲ್ಲಿ ಅಷ್ಟು ದೂರ ಕೊಡುವುದು ನನಗೆ ಕಂಡಿಲ್ಲ. ಅಂಚುಗಳಲ್ಲಿ ಚಿತ್ರ ಸ್ವಲ್ಪ ಸಡಿಲವಾಗುತ್ತದೆ, ನಿಜ. ಚಿಟ್ಟೆಯ ಚಿತ್ರದ ಅಂಚಿನಲ್ಲಿ ಇರುವುದು ಹೇಗೂ ಮಸುಕಾದ ಹಸಿರು.

ಶಾರ್ಪ್‌ನೆಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಕಾನಿನ ಮೊದಲ ಮೈಕ್ರೋ-ನಿಕ್ಕೋರ್, 5 ಸೆಂ.ಮೀ. ಎಫ್/3.5, 1956ರಲ್ಲಿ ಬಂದದ್ದು. ಜಪಾನಿ ಲಿಪಿಯ ಒತ್ತೊತ್ತಾದ ಗೆರೆಗಳು ಮೈಕ್ರೋಫಿಲ್ಮಿನಲ್ಲಿ ಕಲಸಿಹೋಗದಂತೆ ಹಿಡಿಯುವುದು ಅದರ ಹಿಂದಿದ್ದ ಅಗತ್ಯ. ಚಪ್ಪಟೆ ಹಾಳೆಯನ್ನು ಮೂಲೆಯಿಂದ ಮೂಲೆಗೆ ಸ್ಪಷ್ಟವಾಗಿ ತೋರಿಸುವ ಆ ಗುಣವನ್ನು ಮ್ಯಾಕ್ರೋ ಲೆನ್ಸ್‌ಗಳು ಇಂದಿಗೂ ಉಳಿಸಿಕೊಂಡಿವೆ. ಅಂಚೆಚೀಟಿ, ನಾಣ್ಯ, ತಾಳೆಗರಿ ತೆಗೆಯುವವರಿಗೆ ಅದು ಬೇಕು. ಇರುವೆ ಚಪ್ಪಟೆಯಲ್ಲ. ಅಲ್ಲದೆ ಲೆನ್ಸಿನ ಗುಣಕ್ಕೆ ಮೊದಲೇ ಬೆಳಕಿನ ಸ್ವಭಾವ ಅಡ್ಡ ಬರುತ್ತದೆ. 1:1ರಲ್ಲಿ ಅಪರ್ಚರಿನ ಪರಿಣಾಮ ಸುಮಾರು ಎರಡು ಪಟ್ಟಾಗುತ್ತದೆ: ಎಫ್/16 ಎಂದು ಇಟ್ಟದ್ದು ಎಫ್/32ರಂತೆ ವರ್ತಿಸುತ್ತದೆ. ನಿಕಾನ್ ಕ್ಯಾಮೆರಾಗಳು ಈ ಬದಲಾವಣೆಯನ್ನು ಮುಚ್ಚಿಡದೆ ತೋರಿಸುತ್ತವೆ, ಎಫ್/2.8ರ 105 ಮಿ.ಮೀ. ಲೆನ್ಸ್ 1:1ಕ್ಕೆ ಬಂದಾಗ 4.8 ಎಂದು ಬರುತ್ತದೆ. (ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯಲು ಹೊರಡುವವರೂ ಇದ್ದಾರೆ.) ಎಫ್/32ರ ಸ್ಥಿತಿಯಲ್ಲಿ ಬಿಂದುವೊಂದು ವಿವರ್ತನೆಯಿಂದಲೇ 0.043 ಮಿ.ಮೀ. ವೃತ್ತವಾಗಿ ಹರಡುತ್ತದೆ, 24 ಮೆಗಾಪಿಕ್ಸೆಲ್ಲಿನಲ್ಲಿ ಸುಮಾರು ಏಳು ಪಿಕ್ಸೆಲ್ ಅಗಲ. ಎಷ್ಟೇ ದುಬಾರಿ ಗಾಜಾದರೂ ಈ ಮಸುಕನ್ನು ತಿದ್ದಲಾರದು. ಎಫ್/8, 11ರಲ್ಲಿ ತೆಗೆಯುವವನ ಅಗ್ಗದ ಲೆನ್ಸ್ ಎಫ್/22ರಲ್ಲಿ ತೆಗೆಯುವವನ ದುಬಾರಿ ಲೆನ್ಸನ್ನು ಸುಲಭವಾಗಿ ಮೀರಿಸುತ್ತದೆ.

ಕೊನೆಯ ಆಕ್ಷೇಪ ವ್ಯಾವಹಾರಿಕ. ಇಷ್ಟೆಲ್ಲ ವಾದದ ನಂತರವೂ ಹೆಚ್ಚಿನವರು ಕೊಳ್ಳುವುದು 90-105ರ ಲೆನ್ಸನ್ನೇ, ಅದು ತಪ್ಪೇ? ತಪ್ಪಲ್ಲ, ಕಾರಣ ಬೇರೆ. 14 ಸೆಂ.ಮೀ. ಆಸುಪಾಸಿನ ದೂರ ಡಿಫ್ಯೂಸರ್ ಕೆಲಸಮಾಡುವಷ್ಟು ಹತ್ತಿರ, ನೆರಳು ಬೀಳದಷ್ಟು ದೂರ. ಜಿಗಿಯುವ ಜೇಡದ ಮುಂದೆ, ಚಗಳಿಗೂಡಿನ ಮುಂದೆ ಅದು ಒಳ್ಳೆಯ ಹೊಂದಾಣಿಕೆ. ಬರೀ ಗಿಡ, ಹೂ, ಅಣಬೆ, ಕಲ್ಲುಹೂ ತೆಗೆಯುವವರಿಗೆ 60 ಸಾಕು, 1:2ರವರೆಗೆ ಮಾತ್ರ ಹೋಗುವ ನಿಕಾನಿನ ಹಳೆಯ 55 ಮಿ.ಮೀ. ಎಫ್/2.8 ಕೂಡ ಸಾಕು. 180ನ್ನು ಕೊಳ್ಳಬೇಕಾದವರು ಹಿನ್ನೆಲೆಯ ನುಣುಪಿಗೆ ಮನಸೋತವರು. ಅದನ್ನು ಅವರು ಆ ಹೆಸರಿನಲ್ಲೇ ಕೊಂಡರೆ ಜಗಳವಿಲ್ಲ.

ಅಂಗಡಿಗೆ ಹೋಗುವಾಗ ಶಾಲೆಯ ಮಕ್ಕಳ ಸ್ಕೇಲೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದನ್ನು ಮೇಜಿನ ಮೇಲಿಟ್ಟು ಲೆನ್ಸನ್ನು ಅತಿ ಹತ್ತಿರದ ಫೋಕಸಿಗೆ ತಿರುಗಿಸಿ ಕ್ಯಾಮೆರಾ ಹಿಂದೆ ಮುಂದೆ ಸರಿಸಿದರೆ, ಗೆರೆಗಳು ಸ್ಪಷ್ಟವಾದಾಗ ಫುಲ್‌ಫ್ರೇಮಿನಲ್ಲಿ 36 ಮಿ.ಮೀ. ಕಾಣಬೇಕು, ಎಪಿಎಸ್-ಸಿಯಲ್ಲಿ 22-23ರಷ್ಟು. ಕಂಡರೆ 1:1 ನಿಜ. ಆಮೇಲೆ ಮೂತಿಯಿಂದ ಸ್ಕೇಲಿನವರೆಗಿನ ಅಂತರ ಅಳೆಯಿರಿ, ಹುಡ್ ತೆಗೆದು ಒಮ್ಮೆ, ಹಾಕಿ ಒಮ್ಮೆ. ಕೆಲವು ಲೆನ್ಸ್‌ಗಳ ಉದ್ದನೆಯ ಹುಡ್ ಕೆಲವು ಸೆಂ.ಮೀ. ನುಂಗಿಬಿಡುತ್ತದೆ, ಆಗ 100ಕ್ಕೆಂದು ಕೊಟ್ಟ ಹಣಕ್ಕೆ 60ರ ದೂರವೇ ಸಿಕ್ಕಂತಾಗಬಹುದು.